ಕಾಲೂರಲು ಕಲ್ಲು ಹುಡುಕಿದ ಬಗ್ಗೆ

ಬಸ್ ಡಿಪೋದ ಹಿಂದಿನ ಓಣಿಯ ಮೂರನೇ ಮನೆಯಲ್ಲಿ ವಾಸವಾಗಿರುವ, ಅದೇ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ, ನಲವತ್ತನಾಲ್ಕು ವರ್ಷ ವಯಸ್ಸಿನ, ಓಣಿಯವರೆಲ್ಲ ಪ್ಯಾಂಟ್ ಮಾಸ್ಟರ್ ಎಂದು ಕರೆಯುವ ನಾನು ಈ ಮೂಲಕ ತಿಳಿಸುವುದೇನೆಂದರೆ:

ಸೋಮವಾರ ಬೆಳಿಗ್ಗೆ ಗಡಿಯಾರದ ಕಂಬದ ಸಿಗ್ನಲ್ಲಿನಲ್ಲಿ ಬ್ರೆಡ್ ಹಂಚುವ ಹೆಂಗಸು ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡರು. ಆ ಬಗ್ಗೆ ನಾನು ಅಂದೇ ಸ್ಥಳದಲ್ಲಿ ಕೊಟ್ಟ ಹೇಳಿಕೆಯಲ್ಲಿ ಮುಖ್ಯವಾದದ್ದನ್ನು ಬಿಟ್ಟಿದ್ದೆ. ಆ ಹೇಳಿಕೆಯಿಂದಾಗಿ ಬಸ್ಸಿನ ಡ್ರೈವರ್ ಮೇಲೆ ಪ್ರಕರಣ ದಾಖಲಾಗಿದೆ. ಡಿಪೋದವರು ಅವರನ್ನು ಕೆಲಸದಿಂದ ಹೊರಗಿಟ್ಟಿದ್ದಾರೆ, ನಾಳೆ ಅವರ ವಿಚಾರಣೆ ಇದೆ. ಆದ್ದರಿಂದ ಇಂದು ಬುಧವಾರ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ನಡೆದುಕೊಂಡು ಬಂದು ಬಿಟ್ಟದ್ದನ್ನು ಹೇಳುತ್ತಿದ್ದೇನೆ.

ಮೊದಲು ಗಾಡಿಯ ವಿಷಯ. ನನ್ನ ಬಳಿ ಇರುವುದು ಕಲ್ಲುಮಣ್ಣಿನ ದಾರಿಯಲ್ಲೂ ದೂರ ಓಡುವಂಥ, ಮಧ್ಯಮ ಗಾತ್ರದ ಅಡ್ವೆಂಚರ್ ಮೋಟಾರ್‌ಸೈಕಲ್. ಮಧ್ಯಮ ಎಂಬುದು ಮಾರುವವರ ಮಾತು. ನನ್ನ ಪಕ್ಕ ನಿಂತಾಗ ಅದು ಮಧ್ಯಮವಾಗಿ ಕಾಣುವುದಿಲ್ಲ. ನಮ್ಮ ಓಣಿಯಲ್ಲಿ ಅದಕ್ಕೆ ಒಂಟೆ ಎಂದು ಹೆಸರು.

ನಾಲ್ಕು ತಿಂಗಳ ಹಿಂದೆ ಕೊಂಡೆ. ಅದಕ್ಕೂ ಮೊದಲು ನಾನು ಓಡಿಸಿದ್ದು ಹೆಂಡತಿಯ ಸ್ಕೂಟರ್ ಮಾತ್ರ. ಭಾನುವಾರ ಗುಂಪು ಕಟ್ಟಿಕೊಂಡು ದೂರ ಹೋಗುವ ಬೈಕಿನವರು ತಮ್ಮ ದಪ್ಪ ಜಾಕೆಟ್ಟುಗಳಿಗೆ ಜಿಪ್ ಹಾಕಿಸಲು ನನ್ನ ಅಂಗಡಿಗೆ ಬರುತ್ತಾರೆ. ಜಿಪ್ ಹಾಕಿ ಮುಗಿಸುವಷ್ಟು ಹೊತ್ತು ಅವರ ಕಥೆ ಕೇಳಬೇಕು. ಒಬ್ಬರು ಹಿಮದಲ್ಲಿ ಡೇರೆ ಹಾಕಿದವರು, ಇನ್ನೊಬ್ಬರು ಎದೆಮಟ್ಟದ ಹೊಳೆಯಲ್ಲಿ ಗಾಡಿ ದಾಟಿಸಿದವರು. ಇಪ್ಪತ್ತಾರು ವರ್ಷ ಕತ್ತು ಬಗ್ಗಿಸಿ ಕೂತ ನನಗೆ ಕಂಡದ್ದು ಸೂಜಿಯ ಕೆಳಗಿನ ಬಟ್ಟೆ. ಇದನ್ನು ಬರೆದುಕೊಳ್ಳುತ್ತಿರುವ ಠಾಣೆಯ ರೈಟರ್ ಸಾಹೇಬರು ಇದೆಲ್ಲ ಹೇಳಿಕೆಗೆ ಬೇಕಿಲ್ಲ ಎಂದರು. ಬೇಕು ಎಂದೆ.

ಆ ಗುಂಪಿನ ವಕೀಲರೊಬ್ಬರು ಊರು ಬಿಡುವಾಗ ಗಾಡಿ ಮಾರುತ್ತೇನೆಂದು ಬಂದರು. "ಮಾಸ್ಟ್ರೇ, ಒಮ್ಮೆ ಕೂತು ನೋಡಿ" ಎಂದರು. ಗಾಡಿ ಅಂಗಡಿಯ ಮೆಟ್ಟಿಲಿನ ಪಕ್ಕ ನಿಂತಿತ್ತು. ಮೆಟ್ಟಿಲ ಮೇಲೆ ಎಡಗಾಲು ಊರಿ ಕೂತೆ. ಎದುರು ಮನೆಯ ಕಾಂಪೌಂಡಿನ ಆಚೆ ಒಣಹಾಕಿದ ಬಟ್ಟೆ, ಅದರಾಚೆ ಡಿಪೋದ ಬಸ್ಸುಗಳ ತಲೆ ಕಾಣಿಸಿತು. ಕೊಂಡುಬಿಟ್ಟೆ.

ದಿನವೂ ಊರವರ ಕಾಲಿಗೆಲ್ಲ ಟೇಪು ಹಿಡಿಯುವವನು ನಾನು. ನನ್ನ ಕಾಲಿಗೆ ಹಿಡಿದದ್ದು ಗಾಡಿ ಕೊಂಡ ಮೇಲೆ. ಸೀಟಿನ ಎತ್ತರ ಮೂವತ್ತಮೂರು ಇಂಚು, ನನ್ನ ಕಾಲಿನ ಒಳ ಅಳತೆ ಇಪ್ಪತ್ತೆಂಟು. ಬೂಟಿನ ತುದಿಯೂ ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. "ಹಾಗಾದ್ರೆ ನಿಲ್ಲಿಸೋದು ಹೇಗೆ?" ಎಂದು ರೈಟರ್ ಸಾಹೇಬರು ಕೇಳಿದರು. ನಾನು ಹೇಳಬೇಕಾಗಿರುವುದೇ ಅದು.

ಸೀಟಿನ ಸ್ಪಂಜು ಕೊಯ್ದು ತಗ್ಗಿಸಬಹುದಿತ್ತು. ಅದು ನಾನೇ ಒಂದು ಮಧ್ಯಾಹ್ನದಲ್ಲಿ ಮಾಡುವ ಕೆಲಸ. ಮಾಡಲಿಲ್ಲ. ಮಾಸ್ಟರು ಗಾಡಿಗೂ ಆಲ್ಟರೇಷನ್ ಮಾಡಿದರು ಎಂದು ಬೈಕಿನವರು ನಗುತ್ತಾರೆ ಎಂಬ ಸಂಕೋಚ. ಅದರ ಬದಲು ಊರಿನ ಕಲ್ಲುಗಳನ್ನು ಬಾಯಿಪಾಠ ಮಾಡಿಕೊಂಡೆ. ಎಲ್ಲಿ ಫುಟ್‌ಪಾತಿನ ಅಂಚು ಎತ್ತರವಿದೆ, ಎಲ್ಲಿ ಕುಸಿದಿದೆ, ಬ್ಯಾಂಕಿನ ಮುಂದಿನ ಕಲ್ಲು ಅಲುಗುತ್ತದೆ, ಔಷಧಿ ಅಂಗಡಿಯ ಮುಂದಿನದು ಗಟ್ಟಿ. ನಿಲ್ಲಬೇಕಾದಲ್ಲೆಲ್ಲ ಎಡಕ್ಕೆ ಸರಿದು ಕಲ್ಲಿನ ಮೇಲೆ ಕಾಲಿಡುವುದು. ಕಲ್ಲಿಲ್ಲದ ರಸ್ತೆಗೆ ನಾನು ಹೋಗುತ್ತಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಎರಡು ಸಲ ಗಾಡಿ ಸಮೇತ ಬಿದ್ದಿದ್ದೇನೆ. ಇನ್ನೂರು ಕಿಲೋಗೂ ಮೇಲಿನ ಗಾಡಿ, ಒಬ್ಬನಿಂದ ಎತ್ತಲಾಗುವುದಿಲ್ಲ. ಬಂಕಿನವರು ಈಗ ನನ್ನನ್ನು ಕಂಡ ಕೂಡಲೇ ಇಬ್ಬರು ಬಂದು ಆಚೀಚೆ ನಿಲ್ಲುತ್ತಾರೆ. "ಆ ಗಾಡಿ ನಿಮಗಿಂತ ಮುಂಚೆ ಮಲಗುತ್ತೆ" ಎಂದು ನನ್ನ ಹೆಂಡತಿ ನಕ್ಕಿದ್ದಾಳೆ. ಅವಳನ್ನೂ ಬಂಕಿನವರನ್ನೂ ಬಿಟ್ಟರೆ ಬೇರೆ ಯಾರಿಗೂ ಇದು ಗೊತ್ತಿಲ್ಲ. ಬೈಕಿನವರ ಜೊತೆ ಒಂದೇ ಸಲ ಹೋಗಿದ್ದೆ. ಮಣ್ಣಿನ ದಾರಿ ಶುರುವಾದಲ್ಲಿ ಸೊಂಟ ಹಿಡಿದಿದೆ ಎಂದು ಹೇಳಿ, ಅವರು ವಾಪಸು ಬರುವವರೆಗೆ ಟೀ ಅಂಗಡಿಯಲ್ಲಿ ಕೂತಿದ್ದೆ.

ಗಾಡಿಯ ಹಿಂಭಾಗದ ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆಗಳಿವೆ. ಒಂದೊಂದೂ ಹ್ಯಾಂಡಲ್ಲಿಗಿಂತ ಆಚೆ ಚಾಚಿಕೊಂಡಿದೆ. ಅವುಗಳ ಮೇಲೆ ಕಣಿವೆ, ಮರುಭೂಮಿ, ಹಿಮದ ದಾರಿಗಳ ಸ್ಟಿಕ್ಕರುಗಳಿವೆ. ಅವೆಲ್ಲ ವಕೀಲರು ಹೋದ ಊರುಗಳು. ಜನ ನಾನೇ ಹೋಗಿದ್ದೇನೆ ಎಂದುಕೊಂಡರು. ಹೋಗಿದ್ದೇನೆ ಎಂದು ನಾನು ಯಾರಿಗೂ ಹೇಳಿಲ್ಲ. ಇಲ್ಲ ಎಂದೂ ಹೇಳಿಲ್ಲ. ಕ್ಷೌರದ ಅಂಗಡಿಯವನು ಅಲ್ಲಿ ಚಳಿ ಹೇಗಿರುತ್ತೆ ಎಂದು ಕೇಳಿದಾಗ, ತಡೆಯೋಕಾಗಲ್ಲಪ್ಪ ಎಂದಿದ್ದೇನೆ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಹೆಲ್ಮೆಟ್, ಜಾಕೆಟ್, ಬೂಟು ಎಲ್ಲ ಹಾಕಿಕೊಂಡು ನೂಲು ತರಲು ಹೊರಟೆ. ನೂಲಿನ ಅಂಗಡಿ ಮನೆಯಿಂದ ಒಂದೂವರೆ ಕಿಲೋಮೀಟರು. ಗಡಿಯಾರದ ಕಂಬದ ಬಳಿ ಬಂದಾಗ ಸಿಗ್ನಲ್ ಕೆಂಪಾಯಿತು. ಅಲ್ಲಿ ಚರಂಡಿಯ ಮುಚ್ಚಳದಿಂದ ಮುಂದಕ್ಕೆ ಇಪ್ಪತ್ತು ಅಡಿಯಷ್ಟು ಒಳ್ಳೆಯ ಕಲ್ಲಿದೆ. ನಾನು ರಸ್ತೆಯ ನಡುವೆ ಇದ್ದೆ. ವೇಗ ಕಡಿಮೆಯಾದಂತೆ ಗಾಡಿ ಅಲುಗಲು ಶುರುವಾಯಿತು. ನನ್ನ ಕಣ್ಣು ಪೂರ್ತಿ ಆ ಕಲ್ಲಿನ ಮೇಲಿತ್ತು. ಕನ್ನಡಿ ನೋಡಲಿಲ್ಲ, ಕೈ ತೋರಿಸಲಿಲ್ಲ, ಇಂಡಿಕೇಟರ್ ಹಾಕಲಿಲ್ಲ. ಸೀದಾ ಎಡಕ್ಕೆ ಹೋದೆ.

ಆಗ ಹಿಂದಿನಿಂದ ಯಾರೋ ಅಂಗಿಯ ಚುಂಗು ಹಿಡಿದು ಎಳೆದಂತಾಯಿತು, ಅಷ್ಟೇ. ನನ್ನ ಎಡಗಡೆಯ ಪೆಟ್ಟಿಗೆ ಬ್ರೆಡ್ಡಿನವರ ಸೈಕಲ್ಲಿನ ಹ್ಯಾಂಡಲ್ಲಿಗೆ ಸಿಕ್ಕಿಕೊಂಡು ಬಿಟ್ಟಿತ್ತು. ಅವರು ಕಲ್ಲಿನ ಅಂಚಿಗೇ ಸರಿಯಾಗಿ ಬರುತ್ತಿದ್ದರು. ಅವರು ಬಲಕ್ಕೆ, ನನ್ನ ಹಿಂದೆ, ರಸ್ತೆಯ ಮೇಲೆ ಬಿದ್ದರು. ಹಿಂದಿದ್ದ ಬಸ್ಸು ಕೀರಲು ಶಬ್ದ ಮಾಡಿ ನಿಂತಿತು. ನಿಲ್ಲುವಾಗ ಅದರ ಮೂತಿ ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಾಗಿ ಚಕ್ರ ಸೊಟ್ಟಗಾಯಿತು. ಹೆಂಗಸಿಗೂ ಬಸ್ಸಿಗೂ ನಡುವೆ ಒಂದು ಮೊಳ ಜಾಗವಿತ್ತು. ಡ್ರೈವರ್ ಸ್ವಲ್ಪ ತಡವಾಗಿ ಬ್ರೇಕ್ ಒತ್ತಿದ್ದರೆ ಇದು ಬೇರೆ ಥರದ ಹೇಳಿಕೆಯಾಗುತ್ತಿತ್ತು.

ಆ ಗಳಿಗೆಯಲ್ಲಿ ನನ್ನ ಮನಸ್ಸಿಗೆ ಬಂದದ್ದನ್ನೂ ಹೇಳುತ್ತೇನೆ. ಸದ್ಯ, ಕಾಲಿಗೆ ಕಲ್ಲು ಸಿಕ್ಕಿತು ಎಂದುಕೊಂಡೆ. ಹಿಂದೆ ಕೂಗು ಕೇಳಿಸಿದರೂ, ಗಾಡಿ ವಾಲದಂತೆ ಸ್ಟ್ಯಾಂಡ್ ಹಾಕಿ, ಅದು ನಿಂತಿತೇ ಎಂದು ಎರಡು ಸಲ ಅಲುಗಿಸಿ ನೋಡಿ, ಆಮೇಲೆ ಇಳಿದೆ.

ಹೋಗಿ ಹೆಂಗಸಿನ ತಲೆಯ ಕೆಳಗೆ ನನ್ನ ಜಾಕೆಟ್ ಇಟ್ಟೆ. ಅವರು ನೋವಿನಲ್ಲೂ, ಬ್ರೆಡ್ ತುಳೀಬೇಡಿ, ಎತ್ತಿಡಿ ಎನ್ನುತ್ತಿದ್ದರು. ನನ್ನ ಕೈ ಹಿಡಿದುಕೊಂಡು, ನಿಮ್ಮಂಥವರು ಇದ್ರೆ ಸಾಕಣ್ಣ ಎಂದರು. ತಾನು ಹೇಗೆ ಬಿದ್ದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಬಸ್ಸಿನ ಶಬ್ದ ಮಾತ್ರ ಕೇಳಿದ್ದರು.

ಅಷ್ಟರಲ್ಲಿ ಜನ ಸೇರಿದರು. ಸೊಟ್ಟಗಾದ ಚಕ್ರ ನೋಡಿ ಬಸ್ಸೇ ಗುದ್ದಿದೆ ಎಂದು ತೀರ್ಮಾನಿಸಿ ಡ್ರೈವರನ್ನು ಕೆಳಗೆ ಎಳೆದರು. ಒಬ್ಬರು ಕೆನ್ನೆಗೆ ಹೊಡೆದರು. ಡ್ರೈವರ್ ನನ್ನ ಕಡೆ ತಿರುಗಿ, "ಅಣ್ಣ, ನೀವು ಮುಂದೇನೇ ಇದ್ರಲ್ಲ. ನಾನು ಗುದ್ದಿಲ್ಲ ಅಂತ ಹೇಳಿ" ಎಂದು ಕೇಳಿದರು. ಗುಂಪಿನಲ್ಲಿದ್ದ ಹಣ್ಣಿನ ವ್ಯಾಪಾರಿ ನನ್ನ ಪೆಟ್ಟಿಗೆಯ ಸ್ಟಿಕ್ಕರುಗಳನ್ನು ತೋರಿಸಿ, ಇವರು ಎಲ್ಲೆಲ್ಲೋ ಓಡಾಡಿದವರು, ಗಾಡಿ ವಿಷಯ ಇವರಿಗಿಂತ ಯಾರಿಗೆ ಗೊತ್ತು, ಇವರು ಹೇಳಿದ ಹಾಗೆ ಎಂದರು. ಎಲ್ಲರೂ ನನ್ನ ಮುಖ ನೋಡಿದರು.

ಡ್ರೈವರಿನ ಅಂಗಿಯ ಜೇಬು ಒಂದು ಮೂಲೆಯಲ್ಲಿ ಬಿಚ್ಚಿಕೊಂಡು ನೇತಾಡುತ್ತಿತ್ತು. ನಾನು ಆ ಜೇಬು ನೋಡಿದೆ, ಅವರ ಮುಖ ನೋಡಲಿಲ್ಲ. "ನಾನು ಮುಂದೆ ನೋಡ್ತಿದ್ದೆ. ಹಿಂದೆ ಶಬ್ದ ಕೇಳಿಸ್ತು" ಎಂದೆ. ಟ್ರಾಫಿಕ್ ಪೇದೆ ಅದನ್ನೇ ಬರೆದುಕೊಂಡರು. ದಂಡಕ್ಕೂ ಜೈಲಿಗೂ ಹೆದರಿ ಹಾಗೆ ಹೇಳಲಿಲ್ಲ, ಅವು ನೆನಪಿಗೇ ಬರಲಿಲ್ಲ. ನಿಜ ಹೇಳಿದರೆ ಎಡಕ್ಕೆ ಯಾಕೆ ಬಂದಿರಿ ಎಂದು ಕೇಳುತ್ತಾರೆ, ಆಗ ನನ್ನ ಕಾಲು ನೆಲಕ್ಕೆ ಎಟುಕುವುದಿಲ್ಲ ಎಂದು ಅಷ್ಟು ಜನರ ಮುಂದೆ ಹೇಳಬೇಕಾಗುತ್ತದೆ ಎಂದು ಹಾಗೆ ಹೇಳಿದೆ.

ಅಂದು ಸಂಜೆ, ಬಿದ್ದವರ ನೆರವಿಗೆ ಹೋದದ್ದಕ್ಕೆ ಓಣಿಯವರು ನನ್ನನ್ನು ಹೊಗಳಿದರು. ಕ್ಷೌರದ ಅಂಗಡಿಯವನು, ಧೈರ್ಯ ಅಂದ್ರೆ ಮಾಸ್ಟ್ರದ್ದು ಎಂದ. ಹೆಂಡತಿ ಎಲ್ಲರಿಗೂ ಟೀ ಕೊಟ್ಟಳು. ನಾನೂ ಕುಡಿದೆ.

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಡ್ರೈವರಿನ ಹೆಂಡತಿ ಅಂಗಡಿಗೆ ಬಂದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ತಮ್ಮ ಗಂಡ ಹದಿನೆಂಟು ವರ್ಷದಲ್ಲಿ ಒಂದು ನಾಯಿಗೂ ತಾಗಿಸಿಲ್ಲವೆಂದೂ, ಗುರುವಾರ ಡಿಪೋದಲ್ಲಿ ವಿಚಾರಣೆ ಇದೆಯೆಂದೂ, ಕೆಲಸ ಹೋದರೆ ಈ ವಯಸ್ಸಿನಲ್ಲಿ ಬೇರೆ ಯಾರೂ ಸ್ಟೀರಿಂಗ್ ಕೊಡುವುದಿಲ್ಲವೆಂದೂ ಹೇಳಿದರು. "ನೀವು ಅನುಭವ ಇರೋರು. ಕನ್ನಡೀಲಿ ಏನಾದ್ರೂ ಕಂಡಿರುತ್ತೆ. ಸುಳ್ಳು ಹೇಳಿ ಅಂತಿಲ್ಲಣ್ಣ, ಕಂಡಿದ್ರೆ ಹೇಳಿ" ಎಂದರು. ಯೋಚಿಸಿ ಹೇಳುತ್ತೇನೆ ಎಂದೆ. ಅವರು ನನಗೆ ಕೈ ಮುಗಿದು ಹೋದರು.

ಒಳಬಾಗಿಲಿನಲ್ಲಿ ನಿಂತಿದ್ದ ನನ್ನ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಿನ್ನೆ ನೀವು ಕಲ್ಲು ಹುಡುಕಿದ್ರಾ?" ಎಂದು ಕೇಳಿದಳು.

ನಾನು ಮೆಷಿನ್ ತುಳಿಯುತ್ತಲೇ ಇದ್ದೆ. ಸೂಜಿಯಲ್ಲಿ ನೂಲಿರಲಿಲ್ಲ. ಅದನ್ನು ನೋಡಿ ಅವಳಿಗೆ ಉತ್ತರ ಸಿಕ್ಕಿತು ಎಂದು ಕಾಣುತ್ತದೆ. "ಗಾಡಿ ಓಡ್ಸೋಕೆ ಬರಲ್ಲ ಅಂದ್ರೆ ಜನ ಒಂದು ದಿನ ನಗ್ತಾರೆ. ಇದನ್ನ ಇಟ್ಕೊಂಡು ನನ್ನ ಎದುರಿಗೆ ಎಷ್ಟು ದಿನ ಊಟಕ್ಕೆ ಕೂರ್ತೀರಿ?" ಎಂದಳು. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈದು ಅಲ್ಲಿಗೇ ಮುಗಿಸುತ್ತಿದ್ದೆ. ಆದರೂ ಮಂಗಳವಾರ ನಾನು ಬರಲಿಲ್ಲ. ಒಂದು ಪ್ಯಾಂಟು ಹೊಲಿದು, ಬಿಚ್ಚಿ, ಮತ್ತೆ ಹೊಲಿದೆ.

ಇಂದು ಹನ್ನೊಂದು ಗಂಟೆಗೆ ಠಾಣೆಗೆ ಬಂದು ಇಷ್ಟನ್ನೂ ಹೇಳಿದೆ. ಇನ್ಸ್‌ಪೆಕ್ಟರ್ ಸಾಹೇಬರು ನಂಬಲಿಲ್ಲ. ಡ್ರೈವರಿನ ಹೆಂಡತಿ ಬಂದು ಬೇಡಿಕೊಂಡಿದ್ದಕ್ಕೆ ಮರುಗಿ ತಪ್ಪನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. "ಕಾಲೇ ಎಟುಕದ ಗಾಡಿ ಯಾರು ತಗೋತಾರೆ, ಮಾಸ್ಟ್ರೇ?" ಎಂದರು. ಬಳಿಕ ಒಬ್ಬ ಪೇದೆಯನ್ನು ಕಳಿಸಿ ಗಾಡಿಯನ್ನು ಠಾಣೆಗೆ ತರಿಸಿದರು. ಆ ಪೇದೆ ಆರಡಿಯವರು, ಆರಾಮವಾಗಿ ಓಡಿಸಿಕೊಂಡು ಬಂದರು. ಎಡಗಡೆಯ ಪೆಟ್ಟಿಗೆಯ ಮೂಲೆಯಲ್ಲಿ ಸೈಕಲ್ಲಿನ ಹಸಿರು ಬಣ್ಣ ಹತ್ತಿದ್ದನ್ನು ನಾನೇ ತೋರಿಸಿದೆ. ಆದರೂ ಸಾಹೇಬರು ಹತ್ತಿ ತೋರಿಸಿ ಎಂದರು.

ಠಾಣೆಯ ಅಂಗಳ ಸಿಮೆಂಟಿನದು, ಸಪಾಟಾಗಿದೆ. ಎಲ್ಲೂ ಒಂದು ಮೆಟ್ಟಿಲು ಕೂಡ ಇಲ್ಲ. ಸಿಬ್ಬಂದಿ ಹೊರಗೆ ಬಂದು ನಿಂತರು. ದಿನವೂ ಹಾಜರಾಗಬೇಕೆಂದು ಹೇಳಿದ್ದರಿಂದ ಡ್ರೈವರ್ ಕೂಡ ಬಂದು ಬೆಂಚಿನ ಮೇಲೆ ಕೂತಿದ್ದರು. ಇಬ್ಬರು ಪೇದೆಗಳು ಗಾಡಿ ಹಿಡಿದುಕೊಂಡರು. ನಾನು ಹತ್ತಿ ಕೂತು, ಬಿಡಿ ಎಂದೆ. ಬಿಟ್ಟರು. ನನ್ನ ಎಡಗಾಲು ಗಾಳಿಯಲ್ಲಿ ನೆಲ ಹುಡುಕಿತು. ಯಾರೋ ನಕ್ಕರು. ಗಾಡಿ ವಾಲಿತು, ಅದರ ಜೊತೆ ನಾನೂ.

ಪೂರ್ತಿ ಬೀಳುವ ಮೊದಲು ಹ್ಯಾಂಡಲ್ಲನ್ನೂ ನನ್ನ ತೋಳನ್ನೂ ಹಿಡಿದವರು ಡ್ರೈವರ್. ಅವರು ಬೆಂಚಿನಿಂದ ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಗಾಡಿ ನೆಟ್ಟಗೆ ಮಾಡಿ ನಿಲ್ಲಿಸಿದ ಮೇಲೆ, "ಬೀಳ್ಲಿ ಅಂತಾನೇ ಕೂತಿದ್ದೆ. ಕೈ ಕೇಳ್ಲಿಲ್ಲ" ಎಂದರು.

ನಾನು ಇಳಿದು ಅವರ ಮುಖ ನೋಡಿ ತಪ್ಪಾಯಿತು ಎಂದೆ. ಅವರು ರೈಟರ್ ಸಾಹೇಬರ ಕಡೆ ತಿರುಗಿ, "ಇದನ್ನ ಬರ್ಕೊಂಡ್ರಾ ಸಾರ್?" ಎಂದು ಕೇಳಿದರು.

ಕಾಲು ಎಟುಕದ ವಿಷಯ ಬಿಟ್ಟು, ಆಯ ತಪ್ಪಿ ಎಡಕ್ಕೆ ಸರಿದೆ ಎಂದಷ್ಟೇ ಬರೆದರೂ ಡ್ರೈವರಿನ ಮೇಲಿನ ಆರೋಪ ಹೋಗುತ್ತದೆ, ಕೋರ್ಟಿನಲ್ಲಿ ಓದುವಾಗ ಜನ ನಗುವುದು ತಪ್ಪುತ್ತದೆ ಎಂದು ಇನ್ಸ್‌ಪೆಕ್ಟರ್ ಸಾಹೇಬರು ನನ್ನ ಮೇಲಿನ ಮರುಕದಿಂದ ಸಲಹೆ ಕೊಟ್ಟರು. ನನಗೆ ಆಯ ತಪ್ಪಲಿಲ್ಲ. ಕಾಲೂರಲು ಕಲ್ಲು ಬೇಕಾಗಿತ್ತು, ಅದಕ್ಕೆಂದೇ ಎಡಕ್ಕೆ ಹೋದೆ. ಹಾಗೆಯೇ ಬರೆಯಬೇಕೆಂದು ಕೋರಿದೆ. ಹಾಗೆಯೇ ಬರೆದಿದ್ದಾರೆ. ಇದರ ಒಂದು ಪ್ರತಿಯನ್ನು ನಾಳೆಯ ವಿಚಾರಣೆಗೆ ಮುನ್ನ ಡಿಪೋಗೆ ಕಳಿಸಬೇಕೆಂದೂ, ಬೇಕಿದ್ದರೆ ನಾನೇ ಅಲ್ಲಿಗೆ ಬಂದು ಎಲ್ಲರೆದುರು ಓದಿ ಹೇಳುತ್ತೇನೆಂದೂ ತಿಳಿಸಿರುತ್ತೇನೆ.

ಈ ಹೇಳಿಕೆಯನ್ನು ಡ್ರೈವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ನನಗೆ ಓದಿ ಹೇಳಲಾಯಿತು. ಇದರಲ್ಲಿ ನಾನು ಹೇಳದ ಮಾತು ಒಂದೂ ಸೇರಿಲ್ಲ, ಹೇಳಿದ ಮಾತು ಒಂದೂ ಬಿಟ್ಟಿಲ್ಲ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಠಾಣೆಯ ಅಂಗಳ
ದಿನ: ಬುಧವಾರ, ಮಧ್ಯಾಹ್ನ
ಸಹಿ: ಹೇಳಿಕೆ ಕೊಟ್ಟವನದು