ಹಾಸ್ಟೆಲಿನ ರೊಟ್ಟಿ

ಜಮಖಂಡಿ ಬಸ್ ನಿಲ್ದಾಣದ ಗದ್ದಲದಲ್ಲಿ ಸಿಡಿಲು ಬಡಿದರೂ ಕೇಳಿಸುವುದಿಲ್ಲ. ಆದರೆ ಮಗಳು ಉಜ್ವಲಾಳ ಸುಟ್ಟ ಬೆರಳು ಕಂಡ ಅನಸವ್ವನ ದನಿ ಕೃಷ್ಣೆಯ ಹಿಪ್ಪರಗಿ ಬ್ಯಾರೇಜನ್ನೂ ದಾಟಿ ಹೋಯಿತು.

“ಏನಿದು?”

“ಮುಂಜಾನೆ ಹಾಸ್ಟೆಲ್‌ನ್ಯಾಗ ರೊಟ್ಟಿ ಬಡೀತೀನಿ ಬೇ ಯವ್ವಾ. ಅದಕ್ಕ ಕಾಲೇಜಿನವರು ಫೀ ಬಿಟ್ಟಾರ.”

“ಮನ್ಯಾಗ ರೊಟ್ಟಿ ಬಡಿ ಅಂದ್ರ ಮಾರಿ ಉಬ್ಬಿಸಾಕಿ, ಇಲ್ಲಿ ಊರಮಂದಿಗೆ ಬಡ್ಯಾಕತ್ತೀಯೇನ? ಮಗ್ಗ ಮಾರಿ ನಾನ ಫೀ ಕಟ್ಟತೀನಿ. ಬಿಡು ಆ ಕೆಲಸ.”

“ಮಗ್ಗ ಮಾರಿದ್ರ ಅಪ್ಪ ಏನ ನೇಯಬೇಕು? ನನ್ನ ಓದಿಗೆ ಅಪ್ಪನ ಕೆಲಸ ಕಳೀಬ್ಯಾಡ ಬೇ.”

ಅನಸವ್ವ ಆ ಬೆರಳು ಹಿಡಿದುಕೊಂಡು, ಕೃಷ್ಣೆ ಬತ್ತುವಷ್ಟು ಹೊತ್ತು ಉಫ್ ಉಫ್ ಎಂದು ಊದಿದಳು.

ರಬಕವಿ ಬಸ್ ಬಂತು. ಅನಸವ್ವ ಹತ್ತಿ ಕುಳಿತು, ಬಸ್ ಹೊರಟ ಮೇಲೆ ಕಿಟಕಿಯಿಂದ ಬಗ್ಗಿ ಕೂಗಿದಳು:

“ಹಂಚಿನ ಮ್ಯಾಲಿನ ರೊಟ್ಟಿಗೆ ಬರಿಗೈಲೆ ನೀರು ಸವರಬ್ಯಾಡ! ಹಸಿ ಅರಿವಿ ತುಂಡು ತಗೋ, ನನ್ನವ್ವಾ!”