ಓಟ್ಸ್ ಬಿಸ್ಕತ್ತಿನ ಎರಡನೇ ಒಬ್ಬೆ

ಅಲ್ಲ ಮಾರಾಯ್ತಿ, ಕಿಟಕಿ ಎಲ್ಲ ಯಾಕೆ ತೆಗೀತಿ? ಈಗಷ್ಟೇ ನಾನು ಹಾಕಿ ಬಂದದ್ದು! ಚಪ್ಪಲಿ... ಚಪ್ಪಲಿ ಕಳಚದೆ ಅಡುಗೆಮನೆಗೆ ನುಗ್ಗುದಾ? ಆಫೀಸಿನಿಂದ ಬಂದವಳು ಅಪ್ಪ ಹೇಗಿದ್ದಿ ಅಂತ ಕೇಳುದಿಲ್ಲ, ಒಂದು ಲೋಟ ನೀರು ಕುಡಿಯುದಿಲ್ಲ, ಸೀದಾ ಪೊಲೀಸರು ರೇಡು ಹಾಕಿದ ಹಾಗೆ! ಮಕ್ಕಳನ್ನ ಯಾಕೆ ಅಟ್ಟಿದ್ದು ಈಗ? ಎದುರು ಮನೆ ಚಂಪಾನಲ್ಲಿಗೆ? ಪ್ರೇಕ್ಷಾನ ಕೈಯಲ್ಲಿ ಇನ್ನೂ ಬಾಳೆಹಣ್ಣು ಮೆತ್ತಿಕೊಂಡಿತ್ತು. ಚಂಪಾನ ಹೊಸ ಸೋಫಾಕ್ಕೆ ಒರೆಸ್ತಾಳೆ ನೋಡು. ಸೊಸೈಟಿ ಮೀಟಿಂಗಿನಲ್ಲಿ ಆಮೇಲೆ ಮಾನ ಹೋಗುದು ನಂದು.

ಎಯ್, ಒಲೆ ಮುಟ್ಟಬೇಡ! ಎರಡನೇ ಒಬ್ಬೆ ಉಂಟು ಬಾಣಲೆಯಲ್ಲಿ. ಇನ್ನೂ ಹತ್ತು ನಿಮಿಷ ಬೇಕು... ಆಯ್ತು, ಆರಿಸು. ನಿನ್ನ ಮನೆ, ನಿನ್ನ ಒಲೆ. ಅಪ್ಪ ಅಂದ್ರೆ ಎಂತ, ಹೋಟೆಲಿನ ರಿಟೈರ್ಡ್ ಭಟ್ಟ. ಸಂಬಳ ಇಲ್ಲ, ಹಾಗಾಗಿ ಮರ್ಯಾದೆಯೂ ಇಲ್ಲ.

ಕುರ್ಚಿ ಯಾಕೆ ಎಳೀತಿ? ಹೊರಗೆ ಗ್ಯಾಲರಿಯಲ್ಲಿ, ಬಾಲ್ಕನಿಯಲ್ಲಿ ಕೂರಬೇಕಾ ನಾನು? ಓಹೋ... ಶಿಕ್ಷೆ! ಕುಶಾಲನ ಟೀಚರು ಅವನನ್ನ ಕ್ಲಾಸಿನ ಹೊರಗೆ ನಿಲ್ಲಿಸುದು, ಅವನಮ್ಮ ಅಜ್ಜನನ್ನ ಗ್ಯಾಲರಿಯಲ್ಲಿ ಕೂರಿಸುದು. ಒಳ್ಳೇದಾಯ್ತು. ಕೂತೆ. ಸಂತೋಷವಾ?

ನೆಲ ನೋಡಿ ಸಿಟ್ಟು ಬಂತಲ್ಲ ನಿಂಗೆ? ಗೊತ್ತಾಯ್ತು. ಹೌದು, ಓಟ್ಸ್ ಚೆಲ್ಲಿದೆ. ಖರ್ಜೂರದ ಬೀಜ ಟೀವಿ ಹಿಂದೆ ಹೋಗಿದೆ. ಆದ್ರೆ ನಾನು ಕೇಳಿದ್ನಾ ಈ ಉಸಾಬರಿ? ನಿನ್ನ ಮಕ್ಕಳ ಶಾಲೆಯವರು ಇಂಗ್ಲಿಷಿನಲ್ಲಿ ಕಾಗದ ಕಳಿಸಿದ್ದು: ಮೈದಾ ಬೇಡ, ಸಕ್ಕರೆ ಬೇಡ, ಓಟ್ಸ್, ಬಾಳೆಹಣ್ಣು, ಖರ್ಜೂರ, ಕಿಸ್ಮಿಸ್ಸು, ಹಿರಿಯರ ಜೊತೆ ಕೂತು ಮಾಡಿ ಅಂತ. ಹಿರಿಯರು ಅಂದ್ರೆ ಈ ಮನೆಯಲ್ಲಿ ಯಾರು? ನೀನು ಬೆಳಿಗ್ಗೆ ಲೋಕಲ್ ಹಿಡಿದು ಥಾಣೆಗೆ. ನಿನ್ನ ಗಂಡ ಶೈಲೇಶ ವಾಶಿಗೆ. ಭಾನುವಾರ ಇಬ್ಬರಿಗೂ ನಿದ್ದೆ. ಉಳಿದ ಹಿರಿಯ ನಾನೇ!

ಕಾಗದದಲ್ಲಿ ಒಂದು ಕಪ್ ಅಂತ ಉಂಟು. ಯಾರ ಕಪ್ಪು ಅಂತ ಇಲ್ಲ. ಕುಶಾಲ ನನ್ನ ಚಾ ಕಪ್ ತಂದ, ಪ್ರೇಕ್ಷಾ ಗೊಂಬೆಯ ಕಪ್ ತಂದಳು, ಇಬ್ಬರೂ ಹೊಡೆದಾಡಿದ್ರು. ಕಡೆಗೆ ನಾನು ಮುಷ್ಟಿಯಲ್ಲಿ ಅಳೆದು ಹಾಕಿದೆ. ಅಜ್ಜಾ, ಚೀಟಿಂಗ್ ಅಂತೆ! ಮೂವತ್ತಾರು ವರ್ಷ ಡೊಂಬಿವಲಿ ಸ್ಟೇಷನ್ನಿನ ಎದುರು ಸಾವಿರ ಜನಕ್ಕೆ ಸಾಂಬಾರು ಮಾಡಿದ ಕೈ... ಚೀಟಿಂಗ್! ಮತ್ತೆ ನೂರ ಎಂಬತ್ತು ಡಿಗ್ರಿ ಅಂತೆ. ನನ್ನ ಬಾಣಲೆಗೆ ಡಿಗ್ರಿ ಎಲ್ಲಿಂದ? ಡಿಗ್ರಿ ಇರುದು ನಿಂಗೆ ಮತ್ತು ನಿನ್ನ ಗಂಡನಿಗೆ. ಅಡಿಯಲ್ಲಿ ಎರಡು ಮುಷ್ಟಿ ಉಪ್ಪು ಹಾಸಿ, ಮೇಲೆ ತಟ್ಟೆ ಇಟ್ಟು, ಮುಚ್ಚಿ, ಬೆಂಕಿ ಸಣ್ಣ... ಅತಿ ಸಣ್ಣ ಮಾಡಿ ಇಟ್ಟೆ. ಮೊದಲ ಒಬ್ಬೆ ಎಷ್ಟು ಚಂದ ಬಂತು ಗೊತ್ತುಂಟಾ? ಇಕೋ, ತಟ್ಟೆಯಲ್ಲಿ ನೋಡು. ತಿನ್ನು. ತಿನ್ನು ಅಂದೆ!

ಬೇಡವಾ? ಸರಿ.

ನೀನು ಹೀಗೆ ಮುಖ ಮಾಡಿ ನಿಲ್ಲುದು ಯಾಕೆ ಅಂತ ನಂಗೆ ಗೊತ್ತಿಲ್ವಾ? ಆ ಪಾಳಣಾಘರ್ ವಿಷಯ, ಡೇಕೇರ್ ಅಂತೀರಲ್ಲ ನೀವು. ಜೂನಿನಿಂದ ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿರಲಿ, ಅಪ್ಪನಿಂದ ಆಗುದಿಲ್ಲ. ಭಾನುವಾರ ಶೈಲೇಶ ಮೆಲ್ಲಗೆ ಹೇಳಿದ್ದು ನಾನು ಕೇಳಿದ್ದೇನೆ. ಈ ಮನೆಯ ಗೋಡೆ ಬಿಲ್ಡರು ಕಟ್ಟಿದ್ದು ಮಾರಾಯ್ತಿ, ಆಚೆಯವರು ಸೀನಿದ್ರೆ ಈಚೆ ಕೇಳ್ತದೆ. ಅಪ್ಪನಿಂದ ಆಗುದಿಲ್ಲವಂತೆ! ಇವತ್ತು ಬಿಸ್ಕತ್ತು ಮಾಡಿದ್ದು ಯಾಕೆ ಅಂದುಕೊಂಡಿದ್ದಿ? ನನ್ನ ಬಾಯಿ ಚಪಲಕ್ಕಾ? ನೀನು ಬಂದು ನೋಡಬೇಕು, ಅಪ್ಪನಿಂದ ಆಗ್ತದೆ ಅನ್ನಬೇಕು ಅಂತ. ಆ ಪಾಳಣಾಘರಿನ ಹೆಂಗಸು ಮಾಡಿಸ್ತಾಳಾ ಬಿಸ್ಕತ್ತು? ಟೀವಿ ಹಾಕಿ ಕೂರಿಸ್ತಾಳೆ. ಇವರಿಬ್ಬರಿಗೆ ಈಗಲೇ ಕನ್ನಡ ಕಿವಿಗೆ ಮಾತ್ರ ಹೋಗುದು, ಬಾಯಿಂದ ಬರುದು ಹಿಂದಿ. ನಾನೂ ಇಲ್ಲದಿದ್ರೆ ಕಿವಿಯೂ ಮುಚ್ಚಿತು.

ಮತ್ತೆ ನಂಗೆ... ನಂಗೆ ಮೂರು ಗಂಟೆಗೆ ಆ ಸ್ಕೂಲ್ ಬಸ್ಸಿನ ಹಾರ್ನ್ ಕೇಳಬೇಕು ರಮಿತಾ. ಅದಿಲ್ಲದಿದ್ರೆ ದಿನ ಎಲ್ಲ ನಾನು ಎಂತ ಮಾಡುದು? ಹೇಳು.

ಎಂತ? ಯಾರು? ಬೆಂದಿತಾ ಅಂತ ನೋಡಿದ್ದು ಪ್ರೇಕ್ಷಾನಾ ಅಂತವಾ? ಹ್ಞಾಂ, ಅವಳೇ ಬಾಣಲೆಯ ಕಡೆ ಮೂಗು ಚಾಚಿ ಮೂಸಿದ್ದು. ಬೆಂಕಿಯ ಹತ್ತಿರ ಅಲ್ಲವೇ ಅಲ್ಲ, ಸ್ಟೂಲು ಹಾಕಿ ದೂರ ನಿಲ್ಲಿಸಿದ್ದೆ. ಅದು ನಮ್ಮ ಆಟ. ಅವಳು ನನ್ನ ಹೆಡ್ ಕುಕ್. ‘ಅಜ್ಜಾ, ಕಚ್ಚಾ ಹೈ’ ಅಂದ್ರೆ ಇನ್ನೂ ಹಸಿ, ‘ಹೋ ಗಯಾ’ ಅಂದ್ರೆ ಇಳಿಸುದು. ಎಷ್ಟು ಚುರುಕು ಮೂಗು ಗೊತ್ತುಂಟಾ? ಬೆಳಿಗ್ಗೆ ಹಾಲು ಕೂಡ ಅವಳೇ ಮೂಸಿ ಹೇಳುದು.

ನಾನ್ಯಾಕೆ ಮೂಸುದಿಲ್ಲವಾ? ಇದೆಂತ ಪ್ರಶ್ನೆ? ಕಲಿಸುವವನು ಮಾಡ್ತಾ ಕೂತ್ರೆ ಕಲಿಯುವವರು ಯಾವಾಗ ಕಲಿಯುದು? ನಾಲಿಗೆಗೆ ಹಾಕಿ ನೋಡುದಂತೂ ನಮ್ಮಲ್ಲಿ ಇಲ್ಲವೇ ಇಲ್ಲ, ನಿಂಗೆ ಗೊತ್ತಿದ್ದದ್ದೇ. ದೇವರಿಗೆ ತೋರಿಸುವ ಮೊದಲು ಸೌಟು ತುಟಿಗೆ ತಾಗಿಸ್ಲಿಕ್ಕಿಲ್ಲ. ಹೋಟೆಲಿನಲ್ಲೂ ಮೊದಲ ಸೌಟು ದೇವರ ಪಟದ ಎದುರು. ಎಲ್ಲ ಹಬೆಯಲ್ಲೇ. ಕೊಪ್ಪರಿಗೆಯ ಹಬೆ ಒಮ್ಮೆ ಮೂಗಿಗೆ ಬಂದ್ರೆ ಉಪ್ಪು ಕಡಿಮೆಯಾ, ಹುಳಿ ಹೆಚ್ಚಾ, ಬೇಳೆ ತಳ ಹಿಡೀಲಿಕ್ಕೆ ಶುರುವಾ, ದೂರದಿಂದಲೇ ಹೇಳ್ತಿದ್ದೆ. ಸಂಕರ್ಷಣ ಭಟ್ರ ಮೂಗು ಅಂತ ಧನಿಗಳು ಗಿರಾಕಿಗಳಿಗೆ ಹೇಳ್ತಿದ್ರು. ಗಿರಾಕಿಗಳಿಗೆ!

ಯಾಕೆ ಹಾಗೆ ನೋಡ್ತಿ?

ಕಿಟಕಿ ಹಾಕಿದ್ದು? ಅದಾ... ಅದು ಕೇಳಿದ್ರೆ ನಗ್ತಿ ನೀನು. ಎರಡನೇ ಒಬ್ಬೆ ಇಟ್ಟೆವು. ಇವತ್ತು ಗಾಳಿ ಜೋರು, ಮೂರನೇ ಮಾಳಿಗೆ ಅಲ್ವಾ, ಅಡುಗೆಮನೆಯ ಕಿಟಕಿ ಪಟಪಟ ಬಡೀತಿತ್ತು. ನಾವು ಹಾಲ್‌ಗೆ ಬಂದು ಮೊದಲ ಒಬ್ಬೆ ತಿನ್ನಲಿಕ್ಕೆ ಕೂತೆವು. ಸ್ವಲ್ಪ ಹೊತ್ತಿಗೆ ಪ್ರೇಕ್ಷಾ ಹೇಳ್ತಾಳೆ, ‘ಅಜ್ಜಾ, ಬದ್‌ಬೂ ಆ ರಹೀ ಹೈ.’ ವಾಸನೆಯಂತೆ! ಡೊಂಬಿವಲಿ ಎಂಐಡಿಸಿಯ ಫ್ಯಾಕ್ಟರಿಗಳ ನಡುವೆ ಹುಟ್ಟಿದ ಹುಡುಗಿಗೆ ವಾಸನೆ ಅಂತ ಇವತ್ತು ಗೊತ್ತಾದದ್ದು! ಸೋಮವಾರ ಕೊಳೆತ ಮೊಟ್ಟೆ, ಮಂಗಳವಾರ ಎಂತೋ ಸುಟ್ಟದ್ದು, ಬುಧವಾರ ಆ ಎರಡೂ ಸೇರಿ. ಯಾವ ಕೆಮಿಕಲ್ ಅಂತ ದೇವರಿಗೇ ಗೊತ್ತು. ಫ್ಯಾಕ್ಟರಿಯದ್ದು ಪುಟ್ಟಿ, ಇಲ್ಲಿಯವರಿಗೆ ಇದು ಪರಿಮಳ ಅಂದೆ. ಕುಶಾಲ ಮೂಗು ಮುಚ್ಚಿ ಬಿದ್ದು ಬಿದ್ದು ನಕ್ಕ. ಅವಳು ಮತ್ತೆ ಬದ್‌ಬೂ, ಬದ್‌ಬೂ ಅಂತ ರಾಗ ತೆಗೆದಳು. ನಾಟಕ ಸಾಕು ಅಂತ ಗದರಿಸಿ, ಎದ್ದು ಹೋಗಿ ಎಲ್ಲ ಕಿಟಕಿ ಹಾಕಿದೆ. ಗದರಿಸಿದ್ದಕ್ಕೆ ಕಣ್ಣಲ್ಲಿ ನೀರು ಬಂತು ಅವಳಿಗೆ. ಅಷ್ಟರಲ್ಲಿ ನೀನು ಬಂದಿ.

ನಗಲಿಲ್ಲ ನೀನು.

ಎಂತ? ಈಗ ಎಂತ ವಾಸನೆ ಬರ್ತಾ ಉಂಟು ಅಂತ ನಾನು ಹೇಳಬೇಕಾ? ಪರೀಕ್ಷೆಯಾ ಇದು? ಅಪ್ಪನಿಗೆ ಇಂಟರ್ವ್ಯೂವಾ? ಆಗಲಿ, ಹೇಳ್ತೇನೆ. ಮೊದಲು... ದಾಲ್ಚಿನ್ನಿ. ಹ್ಞಾಂ, ದಾಲ್ಚಿನ್ನಿ. ಮತ್ತೆ ಬಾಳೆಹಣ್ಣು, ಹುರಿದ ಓಟ್ಸು. ತುಪ್ಪ ಒಂದು ಚಮಚ ಹಾಕಿದ್ದೆ ಕಾಗದದವರಿಗೆ ಗೊತ್ತಾಗದ ಹಾಗೆ, ಅದರ ಪರಿಮಳ. ಆಹಾ! ಇಡೀ ಮನೆ ತುಂಬಿದೆ. ಪಾಸಾದ್ನಾ?

ಎಂತದಪ್ಪ ಇದು, ಹೌದು ಇಲ್ಲ ಎಂತಾದ್ರೂ ಹೇಳು. ನಿನ್ನ ಅಮ್ಮನ ಬುದ್ಧಿ ಪೂರಾ ನಿಂಗೆ ಬಂದಿದೆ. ವಿಮಲಾ ಕೂಡ ಹೀಗೇ, ಸಿಟ್ಟು ಬಂದ್ರೆ ಬಾಯಿಗೆ ಬೀಗ. ನೀನು ನಿಲ್ಲು ಅಲ್ಲೇ. ಕತ್ತಲಾಯ್ತು, ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ತೇನೆ. ಬೆಂಕಿಪೊಟ್ಟಣ ಎಲ್ಲಿ... ಇಕೋ.

ಎಯ್! ಕೈಯಿಂದ ಕಸಿಯುದಾ? ರಮಿತಾ! ದೀಪ ಹಚ್ಚುವವನ ಕೈಯಿಂದ... ಎಂತ ಆಗಿದೆ ನಿಂಗೆ ಇವತ್ತು? ದೀಪವೂ ಬೇಡವಾ ಈಗ, ದೇವರಿಗೂ ಕತ್ತಲೆಯಾ? ಆಯ್ತು, ಹಚ್ಚುದಿಲ್ಲ. ಲೈಟಾದ್ರೂ ಹಾಕ್ತೇನೆ, ನಿನ್ನ ಮುಖ ಕಾಣುದಿಲ್ಲ...

ಬಿಡು ಕೈ. ನೋಯ್ತದೆ. ಸ್ವಿಚ್ಚು ಮುಟ್ಟಬೇಡ ಅಂದ್ರೆ ಎಂತ ಅರ್ಥ? ಸ್ವಿಚ್ಚು ಮುಟ್ಟಬಾರದು ಅಂತ ಹೇಳುದು ಯಾವಾಗ ಅಂತ ಗೊತ್ತುಂಟಾ ನಿಂಗೆ? ಹೋಟೆಲಿಗೆ ಹೊಸಬರು ಬಂದ ಮೊದಲ ದಿನ ನಾನು ಕಲಿಸ್ತಿದ್ದೆ. ಕಿಟಕಿ ತೆಗೀರಿ, ಜನ ಹೊರಗೆ ಕಳಿಸಿ, ಕಡ್ಡಿ ಗೀರಬೇಡಿ, ಸ್ವಿಚ್ಚು...

ಕಿಟಕಿ ತೆಗೆದಿ ನೀನು. ಮಕ್ಕಳನ್ನ ಹೊರಗೆ...

ರಮಿತಾ. ನೀನು ಬರುವಾಗ ಒಲೆ ಉರೀತಿತ್ತಾ?

ಉರೀತಿತ್ತು ಅಲ್ವಾ? ನಾನು ಸಣ್ಣ ಮಾಡಿ ಇಟ್ಟದ್ದು... ಗಾಳಿ ಇತ್ತು, ಹೌದು. ಆದ್ರೆ ಆರುವಷ್ಟು... ಹೇಳು ಮಗಾ. ಉರೀತಿತ್ತು ಅಂತ ಹೇಳು. ಬೈದು ಹೇಳು ಬೇಕಾದ್ರೆ.

ತಲೆ ಅಲ್ಲಾಡಿಸ್ತಿಯಾ? ಇಲ್ಲವಾ?

ಅಯ್ಯೋ ದೇವರೇ. ಮಕ್ಕಳು ಹಾಲ್‌ನಲ್ಲಿ ಇದ್ದವು. ಕಿಟಕಿ ನಾನೇ ಹಾಕಿದೆ. ಅವಳು ಹೇಳಿದಳು ರಮಿತಾ, ಎರಡೆರಡು ಸಲ ಹೇಳಿದಳು, ನಾಟಕ ಅಂದೆ ನಾನು.

ನಂಗೆ ಬರುದಿಲ್ಲ. ವಾಸನೆ ಬರುದಿಲ್ಲ ನಂಗೆ. ಈಗಲೂ ಎಂತದೂ ಇಲ್ಲ, ದಾಲ್ಚಿನ್ನಿ ಇಲ್ಲ, ಗ್ಯಾಸೂ ಇಲ್ಲ. ಹೋದ ದೀಪಾವಳಿ ಅಲ್ಲ, ಅದರ ಹಿಂದಿನ ದೀಪಾವಳಿಗೆ ಜ್ವರ ಬಂತಲ್ಲ, ವಾರ ಪೂರಾ ಮಲಗಿದ್ದು? ಎದ್ದ ದಿನ ನೀನು ಕಾಫಿ ಕೊಟ್ಟಿ. ಬಿಸಿ ನೀರು ಕುಡಿದ ಹಾಗಾಯ್ತು. ಪುಡಿ ಹಾಕ್ಲಿಕ್ಕೆ ಮರೆತಿದ್ದಿ ಅಂದುಕೊಂಡೆ. ಎರಡು ದಿನ ಕಳೀಲಿ, ವಾರ ಕಳೀಲಿ ಅಂತ ಕಾದೆ. ಹದಿನಾಲ್ಕು ತಿಂಗಳಾಯ್ತು. ನಿನ್ನ ಡಬ್ಬಿಯ ಚಟ್ನಿ ಹಳಸಿತ್ತು ಅಂದಾಗ ಲೋಕಲಿನ ಸೆಕೆ ಅಂದೆನಲ್ಲ, ಅದೂ ಸುಳ್ಳು. ರುಚಿ ನೋಡುದಿಲ್ಲ ನಾವು ಅಂತ ಮಡಿ ಹೇಳಿದ್ರೆ ಯಾರೂ ಮುಂದೆ ಕೇಳ್ತಿರಲಿಲ್ಲ, ನಂಗೆ ಅನುಕೂಲ ಆಯ್ತು. ಡಾಕ್ಟರಿಗೆ ತೋರಿಸಿದ್ರೆ ನಿಂಗೆ ಗೊತ್ತಾಗ್ತಿತ್ತು. ನಿಂಗೆ ಗೊತ್ತಾದ್ರೆ ಶೈಲೇಶನಿಗೆ. ಆಮೇಲೆ ಮಕ್ಕಳು ಅಲ್ಲಿ, ನಾನು ಇಲ್ಲಿ. ಅದಕ್ಕೆ ಆಟ ಅಂತ ಹೇಳಿ ಆರು ವರ್ಷದ ಮಗುವಿನ ಮೂಗು ಸಾಲ ತಗೊಂಡೆ. ಎಂತ ದೊಡ್ಡ ಭಟ್ಟ ನೋಡು ನಾನು!

ವಿಮಲಾ ಇದ್ದಿದ್ರೆ ಮೊದಲ ದಿನವೇ ಹಿಡೀತಿದ್ದಳು.

ಅಳಬೇಡ ಮಗಾ. ನೀನು ಅತ್ರೆ ನಂಗೆ ಎಂತ ಮಾಡುದು ಗೊತ್ತಾಗುದಿಲ್ಲ. ಬೈ ನೀನು. ಬೈದ್ರೆ ನಾನು ಎಂತಾದ್ರೂ ತಿರುಗಿ ಹೇಳ್ತೇನೆ, ಅದು ಬರ್ತದೆ ನಂಗೆ.

ಪಾಳಣಾಘರಿನ ಫಾರ್ಮು ನಿನ್ನ ಬ್ಯಾಗಿನಲ್ಲೇ ಉಂಟು, ಭಾನುವಾರದಿಂದ. ನೋಡಿದ್ದೇನೆ ನಾನು, ಸುಮ್ಮನಿದ್ದೆ. ತೆಗಿ ಅದನ್ನ. ಶೈಲೇಶ ಬಂದ ಮೇಲೆ ಅಂತ ಕಾಯಬೇಡ, ಈಗಲೇ ಬರಿ. ಜೂನು ಯಾಕೆ, ನಾಳೆಯಿಂದಲೇ ತಗೊಳ್ತಾರಾ ಕೇಳು.

ಕಡೆಯ ಪುಟದಲ್ಲಿ ಒಂದು ಗೆರೆ ಉಂಟು. ಸಂಜೆ ಮಕ್ಕಳನ್ನ ಕರ್ಕೊಂಡು ಹೋಗ್ಲಿಕ್ಕೆ ಬರುವವರ ಹೆಸರು ಅಂತ. ಅಲ್ಲಿ ನನ್ನ ಹೆಸರು ಬರಿ. ಕಾಲು ಗಟ್ಟಿ ಉಂಟು ನಂದು. ಕಣ್ಣು ಕಾಣ್ತದೆ, ಕಿವಿ ಕೇಳ್ತದೆ. ರಸ್ತೆ ದಾಟುವಾಗ ಇಬ್ಬರ ಕೈಯೂ ಬಿಡುದಿಲ್ಲ, ಬೇಕಾದ್ರೆ ಚಂಪಾನ ಹತ್ತಿರ ಕೇಳು.

ಬರೀತಿ ಅಲ್ವಾ? ರಮಿತಾ?

ಕೈ ಹಿಡಿದು ಕರ್ಕೊಂಡು ಬರ್ಲಿಕ್ಕೂ ಮೂಗು ಬೇಕಾ?