ದಸರೆಯ ದಿನ ಮೂಕವಾದ ಗಿಟಾರ್ ಪೆಟ್ಟಿಗೆ

"ಹಲೋ... ಯಾರು? ಯಾರು ಮಾತಾಡೋದು? ಹಾಂ, ನಾನೇ, ನೀಲಕಂಠಪ್ಪ... ಜೋರ್ ಹೇಳ್ರಿ, ಇದು ಹೋಟೆಲ್ ಐತಿ, ಗದ್ದಲ... ಯಾರು? ವಿನೋದಿನಿ? ಪರೇಲದ ವಿನೋದಿನಿ?"

ವಡಾಲದ ಚಾಳಿನ ಕೆಳಗೆ ಚೆನ್ನಯನ ಹೋಟೆಲು. ಇಡೀ ಚಾಳಿಗೆ ಅದೊಂದೇ ಫೋನು. ನೀಲಕಂಠಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಮೆಟ್ಟಿಲಿಳಿದು ಬಂದಿದ್ದ. ಧಾರವಾಡದ ಕಡೆಯವ, ರೇಡಿಯೋ ರಿಪೇರಿಯಲ್ಲಿ ಕೂದಲು ಹಣ್ಣಾದವ. ಹೆಂಡತಿ ತೀರಿಕೊಂಡ ಮೇಲೆ ಅವನನ್ನು ಫೋನಿಗೆ ಕರೆದವರೇ ಇಲ್ಲ. ವಿನೋದಿನಿಯ ಹವಾಯನ್ ಗಿಟಾರಿಗೆ ಆಂಪ್ಲಿಫೈಯರ್ ಪೆಟ್ಟಿಗೆ ಕಟ್ಟಿಕೊಟ್ಟವನು ಇವನೇ. ಕಟ್ಟುವಷ್ಟು ಕಾಲ ಹುಡುಗಿ ಗಿಟಾರ್ ಹೊತ್ತು ಅವನ ಖೋಲಿಗೆ ಬರುತ್ತಿದ್ದಳು, ನುಡಿಸಿ ನೋಡುತ್ತಿದ್ದಳು, ಚಹಾ ಕುಡಿಯುತ್ತಿದ್ದಳು. ಪೆಟ್ಟಿಗೆ ತಯಾರಾಯಿತು, ಬರುವುದು ನಿಂತಿತು.

"ಬಾಯೇ ಬಿಡವಲ್ದು? ಒಟ್ಟ ಇಲ್ಲಾ? ಗುಂಯ್ ಅನ್ನೋದೂ ಇಲ್ಲಾ?... ಪ್ರೋಗ್ರಾಂ? ಇವತ್ತ ಸಂಜಿಗೆ?... ಅಳಬ್ಯಾಡ ತಂಗಿ. ನೀ ಅತ್ರ ಅದೇನು ಹಾಡ್ತದೇನು?"

...

"ನಾ ಬರ್ತೀನಿ. ಈಗ ಹೊಂಟೆ. ಚಪ್ಪಲ್ ಕಾಲಾಗೇ ಅದಾವು... ಹಾಂ? ಟ್ಯಾಕ್ಸಿ ಹೇಳೀರಿ? ಅಷ್ಟರಾಗ ನನಗ ಮುಟ್ಟಾಕ ಆಗಂಗಿಲ್ಲ, ಅಲ್ವಾ... ಹೂಂ. ಫೋನಿನ್ಯಾಗೇ ನೋಡೂಣಂತ. ಹಿಂದಿನ ಹಲಗಿ ತಗದೀಯಾ?"

...

"ಏನೂ ಮುಟ್ಟಬ್ಯಾಡ, ಬರೇ ನೋಡು. ಗಾಜಿನ ಬುರುಡಿ, ವಾಲ್ವ್, ನಾಕು ಅದಾವಲ್ಲ, ಎಷ್ಟು ಉರೀತಾವು?... ಸಣ್ಣವು ಎರಡೂ ಉರೀತಾವು. ದೊಡ್ಡವು? ಎರಡೂ ಇಲ್ಲಾ? ಸರಿಯಾಗಿ ನೋಡು, ಕೈ ಅಡ್ಡ ಹಿಡಿದು ನೆರಳು ಮಾಡಿ ನೋಡು... ಎರಡೂ ಕತ್ತಲಿ? ಅರೇ, ಎರಡೂ ಕೂಡೇ ಸಾಯಾಕ ಅವೇನು ಗಂಡ ಹೆಂಡತಿ ಅದಾವೇನು?"

ಹೇಳಿಬಿಟ್ಟ ಮೇಲೆ ನೀಲಕಂಠಪ್ಪ ರಿಸೀವರನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದ.

"ಹಾಂ, ಇದ್ದೀನಿ, ಇದ್ದೀನಿ. ಮೊನ್ನೆ ನುಡಿಸಿದ್ಯಾ? ಬರಾಬರ್ ಇತ್ತು? ಹಂಗಾರ ನಿನ್ನೆ ಏನು ಮಾಡಿದ್ರಿ?... ಪೂಜಿ? ಹೌದಲ್ಲ, ಖಂಡೇ ಪೂಜಿ! ನೀವು ಉಡುಪಿಯವರು ಆಯುಧ ಪೂಜೆ ಅಂತೀರಿ. ಅದನ್ನೂ ಪೂಜಿಗೆ ಇಟ್ಟಿದ್ರಿ?"

...

"ಏನಂದಿ? ಇನ್ನೊಮ್ಮೆ ಹೇಳು... ನಿಮ್ಮವ್ವ ವಾಲ್ವ್ ಕಿತ್ತು, ಒರಸಿ, ತಾಟಿನ್ಯಾಗ ಇಟ್ಟು, ಒಂದೊಂದಕ್ಕೂ ಗಂಧಾ ಹಚ್ಚಿ ಆರತಿ ಮಾಡಿದ್ರು? ಅಯ್ಯೋ ಸೇವಂತಿಬಾಯಿ! ಪೆಟ್ಟಿಗಿ ಮ್ಯಾಲೆ ಒಂದು ಹೂವಾ ಇಟ್ಟಿದ್ರ ದೇವಿ ಸಿಟ್ಟಾಗ್ತಿದ್ಲೇನು?... ಇಲ್ಲ, ಬೈಯಂಗಿಲ್ಲ. ಬೈದೇನು ಮಾಡ್ಲಿ, ನಗು ಬರಾಕತ್ತದ."

...

"ಕೇಳಿಲ್ಲಿ. ದೊಡ್ಡವು ಎರಡಕ್ಕೂ ಕಾಲು ಒಂದೇ ನಮೂನಿ. ಇದರ ಜಾಗಾದಾಗ ಅದು, ಅದರ ಜಾಗಾದಾಗ ಇದು, ಹೆಂಗಿಟ್ರೂ ಕೂಡ್ತಾವು. ಉರಿಯಂಗಿಲ್ಲ, ಅಷ್ಟೇ. ನಿಮ್ಮವ್ವ ಅದಲು ಬದಲು ಇಟ್ಟಾರ. ಬಂದ್ ಮಾಡು. ಪ್ಲಗ್ಗೂ ಕೀಳು... ಕಿತ್ತ್ಯಾ? ಆರಲಿ ಸ್ವಲ್ಪ."

ಚೆನ್ನಯ ಹಣದ ಗಲ್ಲೆಯ ಆ ಬದಿಯಿಂದ ಫೋನು ಇಡು ಎಂದು ಕೈಸನ್ನೆ ಮಾಡಿದ.

"ತಡಿಯೋ ಚೆನ್ನಯಾ! ನಿನ್ನ ಗಿರಾಕಿ ಎಲ್ಲಿ ಓಡಿ ಹೋಗ್ತಾರ, ಇಡ್ಲಿ ಗಂಟಲಾಗ ಸಿಕ್ಕೊಂಡೈತಿ... ನಿನಗಲ್ಲ ತಂಗಿ. ಈಗ ಎಡಗೈ ಬೆನ್ನ ಹಿಂದ ಇಟ್ಕೋ. ಹಾಂ, ನಾ ಕೂಡ್ರತಿದ್ನಲ್ಲ, ಹಂಗ. ಒಂದೇ ಕೈಲೇ, ಅರಿವಿ ಹಿಡಿದು, ಮ್ಯಾಲಿನ ಗಾಜಷ್ಟೇ. ಪೆಟ್ಟಿಗಿ ಒಳಗ ಬೆರಳು ತೂರಬ್ಯಾಡ, ಪ್ಲಗ್ ಕಿತ್ರೂ ಒಳಗ ಕರೆಂಟ್ ಉಳಿದಿರ್ತೈತಿ. ಕಾಲಿಗೆ ಗಂಧಾ ಹತ್ತಿದ್ರ ಒಣಾ ಅರಿವಿಲೇ ಒರಸು. ಡುಬ್ಬ ಹೊಟ್ಟೀದು ಟ್ರಾನ್ಸ್‌ಫಾರ್ಮರ್ ಬಾಜೂಕ... ಕೂತ್ತು? ಇನ್ನೊಂದೂ ಕೂತ್ತು? ಚಾಲೂ ಮಾಡು."

...

"ಉರೀತಾವು? ನಾಕೂ?... ನೋಡಿದ್ಯಾ! ಕೆಡಾಕ ಅದೇನು ಬಜಾರದ ಮಾಲಲ್ಲ. ಅಷ್ಟು ಛಲೋ ಕಟ್ಟಿದ್ದೇ ನನ್ನ ದಡ್ಡತನ. ತಿಂಗಳಿಗೊಮ್ಮೆರ ಕೆಡುವಂಗ ಕಟ್ಟಿದ್ರ... ಏನಿಲ್ಲ. ಏನಿಲ್ಲ ಬಿಡು. ನುಡಿಸು, ನಾ ಕೇಳ್ತೀನಿ. ಫೋನು ಅಲ್ಲೇ ಇಡು."

ಪರೇಲದ ಮನೆಯಲ್ಲಿ ರಿಸೀವರ್ ಮೇಜಿನ ಮೇಲೆ ಕೂತಿತು. ಗಿಟಾರಿನ ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿತು. ಆ ಎಳೆದ ಸ್ವರ ವಡಾಲದ ಹೋಟೆಲಿಗೆ ಬರುವಷ್ಟರಲ್ಲಿ ದಾರದಷ್ಟು ಸಣ್ಣಗಾಗಿತ್ತು. ನೀಲಕಂಠಪ್ಪ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ.

"ಹಾಂ... ಬರಾಬರ್... ವಿನೋದಿನಿ? ಪ್ರೋಗ್ರಾಂ ಎಲ್ಲೈತಿ ಅಂತ ಹೇಳಲೇ ಇಲ್ಲಲ್ಲ?"

...

"ತಂಗೀ? ರಿಪೇರಿ ಇಲ್ಲ ಅಂದ್ರೂ ನಾ ಬರಬೌದೇನು? ಹಿಂದ ಕೂಡ್ರತೀನಿ. ದಸರಾದಾಗ ನಮ್ಮ ಕಡೆ ಬನ್ನಿ ಎಲಿ ಕೊಡಾಕ ಮನಿಮನಿಗೆ ಹೋಗ್ತಾರ. ನಿಮ್ಮಲ್ಲಿ ಇಲ್ಲ, ಗೊತ್ತೈತಿ. ನನಗ ಈ ಊರಾಗ ಕೊಡಾಕ ಯಾರೂ..."

ಗಿಟಾರ್ ನಿಂತಿತು. ಟ್ಯಾಕ್ಸಿಯ ಹಾರನ್ನು, ಅವಸರದ ಹೆಜ್ಜೆಗಳು, ಅಮ್ಮಾ ಗಾಡಿ ಬಂತು ಎನ್ನುವ ಕೂಗು.

"ವಿನೋದಿನಿ, ಕೇಳಸ್ತೇನು? ಯಾವ ದಸರಾ ಮಂಡಳದಾಗ? ಹೆಸರರ ಹೇಳು, ನಾ ಹುಡುಕ್ಕೊಂಡು ಬರ್ತೀನಿ... ಸೇವಂತಿಬಾಯಾರ? ಯಾರರ ಫೋನ್ ಎತ್ರಿ... ಹಲೋ? ಹಾಂ, ಹಲೋ, ಯಾರು? ನಾನು, ನೀಲಕಂ—"

ಅತ್ತ ಕಡೆ ರಿಸೀವರ್ ಕಟಕ್ಕೆಂದು ಕೂತಿತು.